ಒರೆಗಲ್ಲಿಗೆ ಸಿಗದ ಬೆಲೆ

ಕನ್ನಡದಲ್ಲಿ ‘ನಾಣ್ಯ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಟಂಕಸಾಲೆಯಲ್ಲಿ ಅಚ್ಚೊತ್ತಿಸಿಕೊಂಡು ಬಂದ ಹಣ ಒಂದು. ನಂಬಿಕೆಗೆ ತಕ್ಕ ಗುಣ ಇನ್ನೊಂದು. ಮಾತಿಗೆ ತಪ್ಪುವವನನ್ನು ನಾಣ್ಯವಿಲ್ಲದ ಮನುಷ್ಯ ಎಂದು ಜರೆಯುತ್ತಾರೆ, ಒಳ್ಳೆಯ ಸೀರೆಯನ್ನು ನಾಣ್ಯವಾದ ಮಾಲು ಎಂದು ಹೊಗಳುತ್ತಾರೆ. ಹಳೆಯ ನಾಣ್ಯವನ್ನು ಹರಾಜಿನಲ್ಲಿ ಕೊಳ್ಳಲು ಹೊರಟವರ ಮುಂದೆ ಈ ಎರಡೂ ಅರ್ಥಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಎದುರಿಗಿರುವುದು ನಾಣ್ಯವೇನೋ ಸರಿ. ಅದಕ್ಕೆ ಕೂಗುತ್ತಿರುವ ಬೆಲೆ ನಾಣ್ಯವಾದದ್ದೇ?

ಬೆಂಗಳೂರಿನ ಹಳೆಯ ಪೇಟೆಗೆ ಈ ಪ್ರಶ್ನೆ ಹೊಸದಲ್ಲ. ಚಿಕ್ಕಪೇಟೆಯ ಮಗ್ಗುಲಲ್ಲೇ ಇರುವ ಮಾಮೂಲ್‌ಪೇಟೆ ಇಂದು ಸಗಟು ಅಂಗಡಿಗಳ ಕಿಷ್ಕಿಂಧೆ. ತಳ್ಳುಗಾಡಿ, ಹೊರೆಯಾಳು, ದ್ವಿಚಕ್ರ ವಾಹನಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಅಲ್ಲಿಂದ ಅವೆನ್ಯೂ ರಸ್ತೆ, ನಗರ್ತಪೇಟೆಗಳ ಕಡೆ ಹೋದರೆ ಚಿನ್ನ ಬೆಳ್ಳಿಯ ಅಂಗಡಿಗಳು, ಅಕ್ಕಸಾಲಿಗರ ಮನೆಗಳು. ಅವೆನ್ಯೂ ರಸ್ತೆಗೆ ಹಿಂದೆ ದೊಡ್ಡಪೇಟೆ ಎಂಬ ಹೆಸರಿತ್ತು. ಇಂಥ ಪೇಟೆಗಳಲ್ಲಿ ಯಾವ ಸರಕು ಕೈ ಬದಲಾಗಬೇಕಾದರೂ ಮೊದಲು ಒಬ್ಬ ಮನುಷ್ಯ ಹಣವನ್ನು ನೋಡಿ ‘ಆಗಬಹುದು’ ಎನ್ನಬೇಕಿತ್ತು. ಅವನೇ ಚಿನಿವಾರ ಅಥವಾ ಸರಾಫ.

ಚಿನಿವಾರನ ಕಸುಬು

ಪತ್ರಿಕೆಗಳಲ್ಲಿ ಚಿನ್ನ ಬೆಳ್ಳಿಯ ಧಾರಣೆಗೆ ‘ಚಿನಿವಾರ ಪೇಟೆ’ ಎಂಬ ತಲೆಬರಹ ಕೊಡುವ ರೂಢಿಯುಂಟು. ಆ ಹೆಸರಿನ ಹಿಂದಿರುವ ಕಸುಬು ಮಾತ್ರ ಹೆಚ್ಚಿನವರಿಗೆ ಮರೆತುಹೋಗಿದೆ. ಒಂದು ರಾಜ್ಯಕ್ಕೆ ಒಂದೇ ನಾಣ್ಯ ಎಂಬ ವ್ಯವಸ್ಥೆ ಬರುವುದಕ್ಕೆ ಮುಂಚೆ ಪೇಟೆಯ ಗಲ್ಲಾಪೆಟ್ಟಿಗೆಯಲ್ಲಿ ಹಲವು ದೊರೆಗಳ, ಹಲವು ಕಾಲದ ನಾಣ್ಯಗಳು ಒಟ್ಟಿಗೇ ಇರುತ್ತಿದ್ದವು. ಟಿಪ್ಪುಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಓಡಾಡುತ್ತಿದ್ದ ನಾನಾ ನಮೂನೆಯ ಹಣವನ್ನು ಗುರುತು ಹಾಕಿಕೊಂಡಿದ್ದಾನೆ. ಇಕ್ಕೇರಿಯ ವರಾಹ, ಹೈದರನ ಬಹಾದ್ದೂರಿ ವರಾಹ, ಟಿಪ್ಪುವಿನ ಸುಲ್ತಾನಿ ನಾಣ್ಯಗಳು, ಕಂಠೀರಾಯಿ ಹಣ, ಇವುಗಳ ಜತೆಗೆ ಮದರಾಸಿನ ಕಂಪನಿಯ ವರಾಹ – ಎಲ್ಲವೂ ಚಲಾವಣೆಯಲ್ಲಿದ್ದ ಕಾಲ ಅದು. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ ಕೊಡಬೇಕಾಗಿದ್ದ 7 ಲಕ್ಷದ ಲೆಕ್ಕ ಮದರಾಸಿನ ನಕ್ಷತ್ರ ವರಾಹದಲ್ಲಿ. ಸಂಸ್ಥಾನದ ಸ್ವಂತ ಲೆಕ್ಕಪತ್ರ ಕಂಠೀರಾಯಿ ವರಾಹದಲ್ಲಿ.

ಕಂಠೀರಾಯಿಯ ಕಥೆಯೇ ಸ್ವಾರಸ್ಯದ್ದು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ನರಸಿಂಹನ ಮೂರ್ತಿಯುಳ್ಳ ಚಿನ್ನದ ಹಣ ಹೊರಡಿಸಿದರು. ಒಂದು ಹಣದ ತೂಕ ಅರ್ಧ ಗ್ರಾಮಿಗೂ ಕಡಿಮೆ. ಬೆರಳಿನಿಂದ ಜಾರಿದರೆ ಹುಡುಕುವುದು ಕಷ್ಟ. ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಾಹ. ಆದರೆ ಆ ವರಾಹ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ ಮಾತ್ರ, ನಾಣ್ಯವಾಗಿ ಅಚ್ಚಾಗಲಿಲ್ಲ. ಮುಂದೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅದೇ ಮಾದರಿಯ ಹಣ ಮತ್ತೆ ಅಚ್ಚಾಯಿತು. ಹಳೆಯದನ್ನೂ ಹೊಸದನ್ನೂ ಬೇರ್ಪಡಿಸಲು ಜನ ‘ಅಗಲ’, ‘ಗಿಡ್ಡ’ ಎಂಬ ಹೆಸರುಗಳನ್ನು ಬಳಸಿದರು. ಕಣ್ಣಿಗೆ ಒಂದೇ ಥರ ಕಾಣುವ ಎರಡು ನಾಣ್ಯಗಳ ನಡುವಿನ ಈ ಅಂತರ ಅಂದು ಚಿನಿವಾರನಿಗೆ ಮುಖ್ಯವಾಗಿತ್ತು, ಇಂದು ಹರಾಜಿನಲ್ಲಿ ಕೂಗುವವನಿಗೆ ಮುಖ್ಯವಾಗಿದೆ.

ಚಿನಿವಾರನ ಬಳಿ ಇದ್ದ ಸಲಕರಣೆಗಳು ಮೂರೇ: ತಕ್ಕಡಿ, ಒರೆಗಲ್ಲು, ಕಣ್ಣು. ಗುಲಗಂಜಿಯ ಲೆಕ್ಕದಲ್ಲಿ ತೂಗಿ, ಕಲ್ಲಿಗೆ ಉಜ್ಜಿ ಬಣ್ಣ ನೋಡಿ, ಸವಕಳಿ ಎಷ್ಟೆಂದು ಅಂದಾಜು ಮಾಡಿ ಅವನು ಬೆಲೆ ಕಟ್ಟುತ್ತಿದ್ದ. ಸವೆದ ಅಥವಾ ಪರಸ್ಥಳದ ನಾಣ್ಯಕ್ಕೆ ಮುರಿದುಕೊಳ್ಳುತ್ತಿದ್ದ ಮೊತ್ತಕ್ಕೆ ವಟ್ಟ ಎಂದು ಹೆಸರು. ಬೆಳ್ಳಿಯ ರೂಪಾಯಿಯನ್ನು ಪರೀಕ್ಷಿಸಿದ ಮೇಲೆ ಎಷ್ಟೋ ಸರಾಫರು ಅದರ ಮೇಲೆ ತಮ್ಮದೊಂದು ಸಣ್ಣ ಗುರುತು ಒತ್ತುತ್ತಿದ್ದರು. ಒಬ್ಬ ಸರಾಫ ಒಪ್ಪಿದ ನಾಣ್ಯ ಎಂಬುದಕ್ಕೆ ಅದೇ ಸಾಕ್ಷಿ. ವಿಚಿತ್ರವೆಂದರೆ, ಅಂದು ನಂಬಿಕೆಯನ್ನು ಹೆಚ್ಚಿಸುತ್ತಿದ್ದ ಅದೇ ಗುರುತು ಇಂದಿನ ಹರಾಜಿನ ಪಟ್ಟಿಯಲ್ಲಿ ದೋಷ. ‘ಸರಾಫರ ಗುರುತುಗಳಿವೆ’ ಎಂಬ ಒಂದು ಸಾಲು ಸಾಕು, ಸಂಗ್ರಹಕಾರರು ಕೈ ಹಿಂತೆಗೆಯುತ್ತಾರೆ. ಬೆಲೆ ಕಟ್ಟುವ ಕಾರಣ ಬದಲಾದಾಗ ಅದೇ ನಾಣ್ಯದ ಗುಣ ದೋಷಗಳೂ ತಲೆಕೆಳಗಾಗುತ್ತವೆ.

ಮೂಸೆಗೆ ಹೋದ ಇತಿಹಾಸ

ಚಿನಿವಾರನ ಲೆಕ್ಕದಲ್ಲಿ ಒಂದು ದೊಡ್ಡ ಅಪಾಯವಿತ್ತು. ತೂಕ ಮತ್ತು ಚಿನ್ನದ ಬಣ್ಣವಷ್ಟೇ ಬೆಲೆಯಾದರೆ ಚಲಾವಣೆ ತಪ್ಪಿದ ನಾಣ್ಯಕ್ಕೆ ಮೂಸೆಯೇ ಗತಿ. ಹೊಯ್ಸಳರ ಕಾಲದ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದುಗಳು ಕನ್ನಡ ಲಿಪಿಯಲ್ಲಿವೆ. ದೊರೆಯೊಬ್ಬ ತನ್ನ ಗೆಲುವನ್ನು ಜನರ ಭಾಷೆಯಲ್ಲೇ ಚಿನ್ನದ ಮೇಲೆ ಬರೆಸಿದ ದಾಖಲೆ ಅದು. ಕರಗಿಸಿದರೆ ಉಳಿಯುವುದು ಬರಿಯ ಗಟ್ಟಿ. ವಿಜಯನಗರದ ವರಾಹದ ತೂಕ ಸುಮಾರು 3.4 ಗ್ರಾಂ, ಉಂಗುರವೊಂದಕ್ಕೆ ಸಾಕಾಗುವಷ್ಟು ಚಿನ್ನ. ಇಂಥವು ಎಷ್ಟು ಮೂಸೆ ಸೇರಿವೆಯೋ ಲೆಕ್ಕವಿಟ್ಟವರಿಲ್ಲ.

ಒಡವೆಯಾಗಿ ಉಳಿದುಕೊಂಡವೂ ಇವೆ. ಕಾಸಿನ ಸರ, ಪುತ್ಥಳಿ ಸರಗಳು ಇದಕ್ಕೆ ಉದಾಹರಣೆ. ಪುತ್ಥಳಿ ಎಂದು ಹೆಂಗಸರು ಕರೆದದ್ದು ಬೊಂಬೆಯಂಥ ಆಕೃತಿಗಳಿದ್ದ ವೆನಿಸ್ ನಗರದ ಡುಕಾಟ್ ನಾಣ್ಯವನ್ನು. ಕಡಲ ವ್ಯಾಪಾರದಲ್ಲಿ ಬಂದ ಆ ಚಿನ್ನ ಕೊರಳಿನ ಸರವಾಯಿತು. ಸರದ ಬೇಡಿಕೆಗಾಗಿ ಅದೇ ಮಾದರಿಯ ಅನುಕರಣೆಗಳನ್ನೂ ಇಲ್ಲಿನ ಅಕ್ಕಸಾಲಿಗರು ಮಾಡಿದರು. ಸರದಿಂದ ಬಿಡಿಸಿದ ನಾಣ್ಯದಲ್ಲಿ ಕೊಂಡಿ ಬೆಸೆದ ಕಲೆ ಇರುತ್ತದೆ. ಒಡವೆಯ ಅಂಗಡಿಯಲ್ಲಿ ಆ ಕಲೆಗೆ ಲೆಕ್ಕವಿಲ್ಲ. ಹರಾಜಿನಲ್ಲಿ ಅದು ಬೆಲೆಯನ್ನು ಎದ್ದು ಕಾಣುವಷ್ಟು ಇಳಿಸುತ್ತದೆ.

ಲೋಹದ ಬೆಲೆಯ ಆಚೆಗೂ ನಾಣ್ಯಕ್ಕೆ ಬೆಲೆಯಿದೆ ಎಂಬ ಅರಿವು ದಕ್ಷಿಣದಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಗ್ರಂಥ ಬರೆದರು. 1880ರ ದಶಕದಲ್ಲಿ ಕ್ಯಾಪ್ಟನ್ ಟಫ್ನೆಲ್ ದಕ್ಷಿಣದ ನಾಣ್ಯ ಸಂಗ್ರಹಕಾರರಿಗೆಂದೇ ಒಂದು ಕೈಪಿಡಿ ಬರೆದರು. 1865ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೈಸೂರು ನಾಣ್ಯಗಳ ಪಟ್ಟಿಯೂ ಅವರ ಕೆಲಸವೇ. ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆ ಹೆಂಡರ್ಸನ್ ಅವರ ಗ್ರಂಥ 1921ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾಲಯದ ಡಾ. ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳನ್ನು ಕುರಿತ ಗ್ರಂಥ ಪ್ರಕಟಿಸಿದರು. ಹರಾಜಿನ ಬೆಲೆಗೂ ಈ ಪುಸ್ತಕಗಳಿಗೂ ನೇರ ನಂಟಿದೆ. ಯಾವ ನಮೂನೆ ಸಾಮಾನ್ಯ, ಯಾವುದು ಅಪರೂಪ ಎಂದು ಯಾರಾದರೂ ಎಣಿಸಿ ಬರೆದಿಟ್ಟ ಮೇಲಷ್ಟೇ ‘ಅಪರೂಪ’ ಎಂಬ ಮಾತಿಗೆ ಅರ್ಥ ಬರುತ್ತದೆ.

ಮೂರು ಸಲ ಕೂಗುವ ಮುನ್ನ

ಹರಾಜು ಕನ್ನಡಿಗರಿಗೆ ಅಪರಿಚಿತವಲ್ಲ. ಊರ ಹುಣಸೆ ಮರ, ಕೆರೆಯ ಮೀನು, ದೇವಸ್ಥಾನದ ತೆಂಗಿನಕಾಯಿ ಎಲ್ಲವೂ ಸವಾಲು ಕೂಗಿಯೇ ಹೋಗುತ್ತವೆ. ಚೀಟಿ ಕೂಗಿ ಪಳಗಿದವರು ಪೇಟೆಯ ತುಂಬ ಇದ್ದಾರೆ. ನಾಣ್ಯದ ಹರಾಜು ಇವಕ್ಕಿಂತ ತುಸು ಬೇರೆ. ಬೆಂಗಳೂರಿನಲ್ಲೇ ನೆಲೆಯುಳ್ಳ ಮರುಧರ್ ಆರ್ಟ್ಸ್, ಮುಂಬೈಯ ತೋಡಿವಾಲಾ, ಓಸ್ವಾಲ್ ಮುಂತಾದ ಸಂಸ್ಥೆಗಳು ನಾಣ್ಯಗಳ ಚಿತ್ರ, ತೂಕ, ಸ್ಥಿತಿ, ಅಂದಾಜು ಬೆಲೆಗಳಿರುವ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತವೆ. ಪ್ರತಿ ನಾಣ್ಯಕ್ಕೂ ಒಂದು ಲಾಟ್ ಸಂಖ್ಯೆ. ಹರಾಜಿಗೆ ಮುಂಚೆ ನಾಣ್ಯವನ್ನು ಕಣ್ಣಾರೆ ನೋಡಲು ಅವಕಾಶ ಇರುತ್ತದೆ. ಸಭಾಂಗಣದಲ್ಲಿ ಕುಳಿತು ಕೂಗಬಹುದು, ಮುಂಗಡವಾಗಿ ಬರೆದುಕೊಡಬಹುದು, ಈಗೀಗ ಅಂತರ್ಜಾಲದ ಮೂಲಕವೂ ಕೂಗಬಹುದು.

ಇಲ್ಲಿ ಹೊಸಬರು ಗಮನಿಸಬೇಕಾದ ಮೊದಲ ಸಂಗತಿ, ಸುತ್ತಿಗೆ ಬಿದ್ದ ಬೆಲೆಯೇ ಕೊಡಬೇಕಾದ ಬೆಲೆಯಲ್ಲ ಎಂಬುದು. ಕೊಂಡವರಿಂದ ಸಂಸ್ಥೆ ಕಮಿಷನ್ ಪಡೆಯುತ್ತದೆ, ಅದರ ಮೇಲೆ ತೆರಿಗೆ. ಉದಾಹರಣೆಗೆ, 10,000 ರೂಪಾಯಿಗೆ ಸುತ್ತಿಗೆ ಬಿದ್ದು ಕಮಿಷನ್ ಶೇ 15 ಇದ್ದರೆ ತೆರಿಗೆಗೆ ಮುಂಚೆಯೇ ಲೆಕ್ಕ 11,500 ರೂಪಾಯಿ ಮುಟ್ಟುತ್ತದೆ. ಎಷ್ಟರವರೆಗೆ ಕೂಗಬೇಕು ಎಂಬುದನ್ನು ಈ ಪೂರ್ತಿ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಬೇಕು. ಪಟ್ಟಿಯಲ್ಲಿ ಅಚ್ಚಾದ ಅಂದಾಜು ಬೆಲೆಯೂ ನಂಬತಕ್ಕ ಧಾರಣೆಯಲ್ಲ. ಜನರನ್ನು ಸೆಳೆಯಲು ಅದನ್ನು ಕೆಳಗೇ ಇಡುವ ಪರಿಪಾಠ ಹರಾಜಿನ ಲೋಕದಲ್ಲಿ ಹಳೆಯದು.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಹರಾಜಿನಲ್ಲಿ ಬೆಲೆ ಎಲ್ಲಿ ನಿಲ್ಲಬೇಕೆಂದು ಕಡೆಗೆ ನಿರ್ಧರಿಸುವವನು ಸೋತವನು. ಎರಡನೆಯವನು ಕೈ ಇಳಿಸಿದ ಕ್ಷಣವೇ ಬೆಲೆ ಗಟ್ಟಿಯಾಗುತ್ತದೆ. ಹಾಗಾಗಿ ಒಂದೇ ನಾಣ್ಯದ ಮೇಲೆ ಇಬ್ಬರು ಹಟಮಾರಿಗಳು ಕಣ್ಣಿಟ್ಟ ದಿನ ಬೆಲೆ ಮುಗಿಲು ಮುಟ್ಟುತ್ತದೆ. ಅವರಲ್ಲೊಬ್ಬ ಬಾರದ ದಿನ ಅಂಥದೇ ನಾಣ್ಯ ಅರ್ಧ ಬೆಲೆಗೆ ಹೋದರೂ ಹೋದೀತು. ಒಂದು ಹರಾಜಿನ ದಾಖಲೆಯನ್ನು ಹಿಡಿದುಕೊಂಡು ‘ಇದೇ ಧಾರಣೆ’ ಎನ್ನುವುದು ಆದ್ದರಿಂದ ತಪ್ಪು. ಒಂದೇ ನಮೂನೆಯ, ಒಂದೇ ಸ್ಥಿತಿಯ ನಾಣ್ಯ ಹಿಂದಿನ ನಾಲ್ಕಾರು ಹರಾಜುಗಳಲ್ಲಿ ಎಷ್ಟಕ್ಕೆ ಹೋಯಿತು ಎಂದು ನೋಡಿ, ತೀರ ಮೇಲಿನದನ್ನೂ ತೀರ ಕೆಳಗಿನದನ್ನೂ ಬಿಟ್ಟು, ನಡುವಿನ ಬೆಲೆಯನ್ನು ಹಿಡಿಯುವುದು ಅನುಭವಿಗಳ ಕ್ರಮ.

1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಹರಾಜಿನ ಇನ್ನೊಂದು ಗುಟ್ಟನ್ನು ಬಿಡಿಸಿಟ್ಟರು. ಕಡಲ ತಳದಲ್ಲಿ ಎಷ್ಟು ಎಣ್ಣೆಯಿದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ; ಪ್ರತಿಯೊಬ್ಬರದೂ ಒಂದು ಅಂದಾಜು. ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು, ಎಂದರೆ ಬಹುಪಾಲು ಅತಿಯಾಗಿ ಅಂದಾಜು ಮಾಡಿದವನು. ಇದನ್ನು ಅರ್ಥಶಾಸ್ತ್ರದಲ್ಲಿ ಗೆದ್ದವನ ಶಾಪ ಎಂದು ಕರೆಯುತ್ತಾರೆ. ಮುಂದೆ ಲಾಭಕ್ಕೆ ಮಾರಬಹುದೆಂದು ನಾಣ್ಯ ಕೊಳ್ಳುವವರಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ತನ್ನ ಮಿತಿಯನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟು, ಅದು ದಾಟಿದ ಕೂಡಲೇ ಸುಮ್ಮನಾಗುವುದೊಂದೇ ಇದಕ್ಕೆ ಮದ್ದು.

ಕಥೆ ಬೇರೆ, ಕೊರತೆ ಬೇರೆ

ನಾಣ್ಯದ ಬೆಲೆ ಏರುವುದು ಮುಖ್ಯವಾಗಿ ಮೂರು ಕಾರಣಗಳಿಗೆ: ಉಳಿದಿರುವ ಸಂಖ್ಯೆ, ಸ್ಥಿತಿ, ಬೇಡಿಕೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು ಜನಜನಿತ ತಪ್ಪು ತಿಳಿವಳಿಕೆ. ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಿಗುವ ಎರಡು ಸಾವಿರ ವರ್ಷದ ತಾಮ್ರದ ಕಾಸಿಗಿಂತ 1939ರ ಇಸವಿಯುಳ್ಳ ಆರನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗೆ ಎಷ್ಟೋ ಪಾಲು ಹೆಚ್ಚು ಬೆಲೆ. ಅದು ಉಳಿದಿರುವುದೇ ಅಷ್ಟು ಕಡಿಮೆ.

ಕಥೆ ದೊಡ್ಡದಾದರೆ ನಾಣ್ಯ ಅಪರೂಪ ಎಂಬುದೂ ಸರಿಯಲ್ಲ. 1911ರ ‘ಹಂದಿ ರೂಪಾಯಿ’ಯನ್ನು ನೋಡಿ. ಐದನೇ ಜಾರ್ಜ್ ಧರಿಸಿದ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು, ಕಾಲುಗಳು ಮೊಟಕಾಗಿ ಅದು ಹಂದಿಯಂತೆ ಕಂಡಿತು. ಗದ್ದಲವೆದ್ದು ಅಚ್ಚು ಬದಲಾಯಿತು. ಅಚ್ಚಾಗಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಂದು, ಉಳಿದವು ಕರಗಿದವು. ಕಥೆ ರಂಜಕ, ನಿಜ. ಆದರೆ 7 ಲಕ್ಷ ಸಣ್ಣ ಸಂಖ್ಯೆಯಲ್ಲ. ಸವೆದ ಹಂದಿ ರೂಪಾಯಿಗೆ ಹೊಚ್ಚಹೊಸ ಸ್ಥಿತಿಯ ನಾಣ್ಯದ ಬೆಲೆ ಹೇಳುವವನು ಕಥೆಯನ್ನು ಮಾರುತ್ತಿದ್ದಾನೆ.

ಟಿಪ್ಪುವಿನ ನಾಣ್ಯಗಳು ಕರ್ನಾಟಕದ ಸಂಗ್ರಹಕಾರರಿಗೆ ಇನ್ನೂ ಒಳ್ಳೆಯ ಪಾಠಶಾಲೆ. ಅವನ ತಾಮ್ರದ ದುಡ್ಡುಗಳ ಮೇಲೆ ಆನೆಯಿದೆ. ಚಿನ್ನಕ್ಕೆ ಅಹ್ಮದಿ, ಸಿದ್ದೀಕಿ, ಫಾರೂಕಿ, ಬೆಳ್ಳಿಗೆ ಹೈದರಿ, ಇಮಾಮಿ ಮುಂತಾದ ಹೆಸರುಗಳಿವೆ. ಪಟ್ಟಣ, ನಗರ, ಬೆಂಗಳೂರು ಸೇರಿ ಹಲವು ಕಡೆ ಟಂಕಸಾಲೆಗಳಿದ್ದವು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು. ಪಟ್ಟಣದ ಒಂದು ಪೈಸೆ ಧಾರಾಳವಾಗಿ ಸಿಗುತ್ತದೆ. ಅದೇ ಆನೆ ಚಿಕ್ಕ ಟಂಕಸಾಲೆಯೊಂದರ ಹೆಸರಿನೊಂದಿಗೆ ಬಂದರೆ ಲೆಕ್ಕವೇ ಬೇರೆ. ಇಸವಿಯನ್ನು ಓದುವುದೂ ಒಂದು ಪರೀಕ್ಷೆ. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದವನು 1224ನ್ನು 4221 ಎಂದು ಓದಿ ಬೆಪ್ಪಾಗುತ್ತಾನೆ. ಟಿಪ್ಪುವಿನ ಹೆಸರಿಗೇ ಒಂದು ಬೆಲೆಯಿದೆ ಎಂಬುದೂ ನಿಜ: 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಅವನ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಆದರೆ ಖಡ್ಗ ಒಂದೇ, ಪೈಸೆಗಳು ಅಸಂಖ್ಯ.

ಬೆಂಗಳೂರಿನದೇ ನಾಣ್ಯ ಬೇಕೆನ್ನುವವರು ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳತ್ತ ನೋಡಬಹುದು. ಕನ್ನಡದ ‘ಮಯಿಲಿ ಕಾಸು’ ಎಂಬ ಬರಹದ ಜತೆ ಇಂಗ್ಲಿಷ್, ಪಾರ್ಸಿ ಅಕ್ಷರಗಳೂ ಇರುವ, ಮೇಲೆ ಸಿಂಹದ ಚಿತ್ರವುಳ್ಳ ಕಾಸುಗಳು ಇವುಗಳಲ್ಲಿವೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಹತ್ತೇ ವರ್ಷಗಳ ಬಾಳು.

ಸ್ಥಿತಿಯ ಮಾತು ಬಂದಾಗ ಮನೆಮಂದಿಯ ಒಳ್ಳೆಯ ಉದ್ದೇಶವೇ ನಾಣ್ಯಕ್ಕೆ ಶತ್ರುವಾಗುವುದುಂಟು. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ತಾಮ್ರದ ಕಾಸನ್ನು ಹುಣಸೆಹಣ್ಣಿನಿಂದ ತಿಕ್ಕಿ ಫಳಫಳಿಸಿದರೆ ಅದರ ಬೆಲೆ ಅಲ್ಲೇ ಅರ್ಧ ತೊಳೆದುಹೋಗುತ್ತದೆ. ಕಾಲ ಕೂರಿಸಿದ ಕಂದುಬಣ್ಣವೇ ಅದರ ಅಸಲಿತನದ ಒಂದು ಸಾಕ್ಷಿ. ನಕಲಿಗಳ ಹಾವಳಿಯಂತೂ ಇದ್ದೇ ಇದೆ. ಎರಕ ಹೊಯ್ದ ನಕಲಿಯ ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನಲ್ಲಿ ಬೆಸುಗೆಯ ಗೆರೆ, ಮಬ್ಬಾದ ಅಕ್ಷರ, ಏರುಪೇರಾದ ತೂಕ ಕಾಣಿಸುತ್ತವೆ. ಹೊಯ್ಸಳ, ವಿಜಯನಗರದ ಚಿನ್ನದಲ್ಲಿ ಒರೆಗಲ್ಲು ಈ ಮೋಸವನ್ನು ಹಿಡಿಯಲಾರದು, ಏಕೆಂದರೆ ನಕಲಿಯನ್ನೂ ಒಳ್ಳೆಯ ಚಿನ್ನದಲ್ಲೇ ಮಾಡಬಹುದು. ಚಿನಿವಾರನ ಮೂರು ಸಲಕರಣೆಗಳಲ್ಲಿ ಕಣ್ಣು ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಯಶವಂತಪುರದ ಬೆಳ್ಳಿ

ಹರಾಜು ಎಂದೂ ಪೂರ್ತಿಯಾಗಿ ಅಳೆಯಲಾರದ ಬೆಲೆಯೊಂದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೆಲ ಅಗೆಯುವಾಗ ರೋಮನ್ ಸಾಮ್ರಾಜ್ಯದ ನೂರಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ಕಾಲದ ಇಂಥ ನಾಣ್ಯಗಳು ಜಗತ್ತಿನ ಹರಾಜುಗಳಲ್ಲಿ ಅಪರೂಪವೇನಲ್ಲ. ಆದರೆ ಯಶವಂತಪುರದ ಮಣ್ಣಿನಿಂದ ಬಂದವು ಎಂಬ ಒಂದೇ ಮಾತಿನಿಂದ ಅವು ಎರಡು ಸಾವಿರ ವರ್ಷಗಳ ಹಿಂದೆ ಈ ಸೀಮೆಗೂ ರೋಮಿಗೂ ಇದ್ದ ವ್ಯಾಪಾರದ ಪುರಾವೆಯಾಗುತ್ತವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಸಾತವಾಹನರ ಮತ್ತು ರೋಮನರ ನಾಣ್ಯಗಳು ದೊರೆತವು. ಮಣ್ಣಿನ ಯಾವ ಪದರದಲ್ಲಿ ಯಾವ ನಾಣ್ಯ ಇತ್ತು ಎಂಬುದರಿಂದ ಜತೆಗಿದ್ದ ಮಡಕೆ ಚೂರುಗಳ ಕಾಲವನ್ನೂ ಹೇಳಲು ಸಾಧ್ಯವಾಯಿತು. ಅದೇ ನಾಣ್ಯಗಳು ಕದ್ದು ಮಾರಾಟವಾಗಿದ್ದರೆ ಲೋಹವೂ ಚಿತ್ರವೂ ಉಳಿಯುತ್ತಿದ್ದವು, ಸಾಕ್ಷ್ಯ ಅಳಿದುಹೋಗುತ್ತಿತ್ತು.

ಕಾನೂನು ಹುಟ್ಟಿದ್ದು ಈ ಕಾರಣಕ್ಕೇ. ನೆಲದಲ್ಲಿ ನಿಧಿ ಸಿಕ್ಕವರು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1878ರ ಕಾಯ್ದೆ ಹೇಳಿತು; ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆಯಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲದಲ್ಲಿ ಗಡಿಗೆ ಸಿಕ್ಕವನು ಹೆದರಿ, ಚಿನ್ನವನ್ನು ತೂಕದ ಬೆಲೆಗೆ ಕೊಟ್ಟು ಕೈ ತೊಳೆದುಕೊಂಡರೆ ನಷ್ಟ ಅವನೊಬ್ಬನದಲ್ಲ. ಹರಾಜಿನಲ್ಲಿ ಕೊಳ್ಳುವವನೂ ‘ಇದು ಎಲ್ಲಿಂದ ಬಂತು, ಹಿಂದೆ ಯಾವ ಸಂಗ್ರಹದಲ್ಲಿತ್ತು’ ಎಂದು ಕೇಳಬೇಕು. ಉತ್ತರವಿರುವ ನಾಣ್ಯಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಅದು ದುಬಾರಿಯಲ್ಲ.

ಈ ಯಾವ ತಿಳಿವಳಿಕೆಯೂ ಇಲ್ಲದವರನ್ನೇ ಗುರಿಮಾಡಿದ ಮೋಸವೂ ಬೆಳೆದಿದೆ. ಹಳೆಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು, ಹಿಂದೆಯೇ ‘ನೋಂದಣಿ ಶುಲ್ಕ’ದ ಕರೆ. ತನ್ನ ಹೆಸರನ್ನು ಬಳಸಿ ಹಳೆಯ ನೋಟು, ನಾಣ್ಯಗಳ ವಹಿವಾಟಿಗೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಹರಾಜಿನಲ್ಲಿ ಮಾರುವವನ ಕಮಿಷನ್ ಮಾರಾಟವಾದ ಮೊತ್ತದಲ್ಲೇ ಕಳೆಯುತ್ತದೆ. ಮಾರುವವನಿಂದ ಮೊದಲೇ ಹಣ ಕೇಳುವ ಕೊಳ್ಳುಗನನ್ನು ಹಳೆಯ ಪೇಟೆಯ ಯಾವ ಚಿನಿವಾರನೂ ಕಟ್ಟೆ ಹತ್ತಿಸುತ್ತಿರಲಿಲ್ಲ.

ತೂಕದ ಬೆಲೆಗೆ ಸಿಕ್ಕ ನಾಣ್ಯ ಮೂಸೆ ಸೇರಿತು. ಬರಿಯ ಕಥೆಯ ಬೆಲೆಗೆ ಹೋದದ್ದು ಕೊಂಡವನ ಕೈ ಸುಟ್ಟಿತು. ಎಣಿಕೆ, ಹೋಲಿಕೆ, ದಾಖಲೆಗಳ ಆಧಾರದ ಮೇಲೆ ನಿಂತ ಬೆಲೆಯೊಂದೇ ನಾಣ್ಯವನ್ನೂ ಅದರ ಇತಿಹಾಸವನ್ನೂ ಒಟ್ಟಿಗೆ ಉಳಿಸುತ್ತದೆ. ಪೇಟೆಯ ತಕ್ಕಡಿಯಲ್ಲಿ ಗುಲಗಂಜಿಯ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹಿಂದೆ ಚಿನಿವಾರನ ಹೊಣೆಯಾಗಿತ್ತು. ಇಂದು ಆ ಹೊಣೆ ಕೂಗು ಹಾಕುವವನ ಮೇಲೇ ಬಿದ್ದಿದೆ.